ಸಾರು ತುಳುಕದ ಓಟ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದರು. ಹದಿನಾಲ್ಕನೆಯ ದಿನ ಬೆಳಿಗ್ಗೆ ಖಾನಾಪುರದ ನಮ್ಮ ಮನೆಯಲ್ಲಿ ನಾನೊಬ್ಬಳೇ. ಅಂಗಳ ಗುಡಿಸಿ ಆಗಿತ್ತು. ಮುಂದೇನು ಮಾಡಬೇಕೆಂದು ತಿಳಿಯದೆ ಹೊಸ್ತಿಲ ಹತ್ತಿರ ನಿಂತಿದ್ದೆ. ಹತ್ತು ಗಂಟೆಗೆ ಮೂರು ನಿಮಿಷ ಇರುವಾಗ ಓಣಿಯ ತುದಿಯಿಂದ ದಪದಪ ಸದ್ದು ಬಂತು. ಬಾಗಿಲಲ್ಲಿ ಬಾಳವ್ವ. ತಲೆಯ ಮೇಲೆ ಬುಟ್ಟಿ, ಮುಂದೆ ಚಾಚಿದ ಕೈ.

“ಡಬ್ಬೀ ರೀ ಬಾಯಾರ!”

ಕೂಗಿ ಆದ ಮೇಲೆ ಅವಳಿಗೆ ನೆನಪಾಯಿತು. ನನ್ನ ಗಂಡ ಬಿಂದುಮಾಧವ ಬೆಳಗಾವಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರರಾಗಿದ್ದರು. ಆರು ವರ್ಷ ಅವರ ಮಧ್ಯಾಹ್ನದ ಊಟ ಈ ಬುಟ್ಟಿಯಲ್ಲೇ ಹೋಗಿದೆ. ಹದಿಮೂರು ದಿನ ನಮ್ಮ ಬಾಗಿಲಲ್ಲಿ ಜನ ಇದ್ದರು. ಜನರನ್ನು ನೋಡಿ ಅವಳು ಮುಂದೆ ಹೋಗುತ್ತಿದ್ದಳು. ಆ ದಿನ ಜನ ಇರಲಿಲ್ಲ. ಮನೆ ಎಂದಿನ ಹಾಗೇ ಕಂಡಿತು.

ಬಾಳವ್ವ ನಾಲಿಗೆ ಕಚ್ಚಿಕೊಂಡಳು. ಕಣ್ಣು ತುಂಬಿತು. ಆದರೆ ಕಾಲು ನಿಲ್ಲಲಿಲ್ಲ. ನಿಂತ ಜಾಗದಲ್ಲೇ ಓಡುತ್ತಿದ್ದಳು.

“ತಪ್ಪಾತ್ರೀ ಬಾಯಾರ. ನಿಮ್ಮ ಹಂತ್ಯಾಕ ಕುಂತು ಅಳಬೇಕ್ರಿ ನಾ. ಆದ್ರ ಗಾಡಿ ಹಿಂದಿನ ಟೇಷನ್ನು ಗುಂಜಿ ಬಿಟ್ಟು ಹತ್ತು ಮಿನಿಟಾತು. ನಾಕಕ್ಕ ಬಂದು ಅಳತೇನ್ರೀ!”

ಹೇಳಿದಂತೆ ನಾಲ್ಕಕ್ಕೆ ಬಂದಳು, ಹೇಳಿದಂತೆ ಅತ್ತಳು. ಆಮೇಲೆ ಚಹಾ ಕುಡಿದಳು. ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಆ ಚಹಾದ ಹೊತ್ತಿನಲ್ಲಿ, ಅದರ ಮುಂದಿನ ಚಹಾಗಳ ಹೊತ್ತಿನಲ್ಲಿ ಅವಳೇ ಹೇಳಿದ್ದು.

ಬಾಳವ್ವನಿಗೆ ನಲವತ್ಮೂರು ವರ್ಷ. ಖಾನಾಪುರದಿಂದ ಬೆಳಗಾವಿಯ ಕಚೇರಿಗಳಿಗೆ ಹೋಗುವವರು ಬೆಳಿಗ್ಗೆ ಏಳೂವರೆಯ ಗಾಡಿಗೇ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಯಾವ ಮನೆಯಲ್ಲೂ ರೊಟ್ಟಿ ಆಗಿರುವುದಿಲ್ಲ. ರೊಟ್ಟಿ ಆದ ಮೇಲೆ ಆ ಡಬ್ಬಿಗಳನ್ನು ಕೂಡಿಸಿ ಮುಂದಿನ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಗೆ ಒಯ್ದು, ಒಂಬತ್ತು ಕಚೇರಿಗಳಿಗೆ ಹಂಚಿ, ಖಾಲಿ ಡಬ್ಬಿಗಳನ್ನು ಸಂಜೆಯೊಳಗೆ ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಹದಿಮೂರು ವರ್ಷದಿಂದ ಮಾಡುತ್ತಿದ್ದಾಳೆ. ದಿನಕ್ಕೆ ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತುತ್ತಾಳೆ, ಅಷ್ಟೇ ಇಳಿಯುತ್ತಾಳೆ. ಅವಳಿಗೆ ಅಕ್ಷರ ಬರುವುದಿಲ್ಲ. ಬೆಳಗಾವಿಯ ಶಹಾಪುರದ ಮಗ್ಗದ ಮನೆಯೊಂದಕ್ಕೂ ಒಂದು ಡಬ್ಬಿ ಹೋಗುತ್ತದೆ. ಅಲ್ಲಿ ನೆಲಕ್ಕೆ ಬಿದ್ದ ಬಣ್ಣದ ನೂಲಿನ ತುಂಡು ಆರಿಸಿ ತಂದು ಡಬ್ಬಿಯ ಹಿಡಿಕೆಗೆ ಕಟ್ಟುತ್ತಾಳೆ. ಹಸಿರು ಕೋರ್ಟಿಗೆ, ಹಳದಿ ಟಪಾಲು ಕಚೇರಿಗೆ, ಕೆಂಪು ನಮ್ಮದು. ಒಟ್ಟು ಹದಿನೇಳು ಡಬ್ಬಿ ಇದ್ದವು. ಈಗ ಹದಿನಾರು.

ಮನೆಯಲ್ಲಿ ಗಂಡ ಇದ್ದಾನೆ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಬೆನ್ನು ಹಿಡಿದು, ಒಂಬತ್ತು ವರ್ಷದಿಂದ ಗೋಡೆಗೆ ಒರಗಿ ಕೂತಿದ್ದಾನೆ. ಅತ್ತೆ ಭೀಮಕ್ಕ ಇದ್ದಾಳೆ. ಆಕೆಗೆ ಬೆನ್ನು ಸರಿಯಾಗಿದೆ, ಬಾಯಿ ಅದಕ್ಕಿಂತ ಸರಿಯಾಗಿದೆ. ಈ ಮೂವರೂ ಉಣ್ಣುವುದು ಆ ಡಬ್ಬಿಗಳ ಮೇಲೆ.

ಎಲ್ಲ ನೆಟ್ಟಗೆ ನಡೆದಿತ್ತು. 1981ರ ಅಕ್ಟೋಬರಿನಲ್ಲಿ ಗಾಡಿಯ ವೇಳೆ ಬದಲಾಯಿತು. ಹತ್ತೂ ಇಪ್ಪತ್ತಕ್ಕೆ ಖಾನಾಪುರ ಬಿಡುತ್ತಿದ್ದ ಲೋಂಡಾ ಕಡೆಯಿಂದ ಬರುವ ಪ್ಯಾಸೆಂಜರು ಹತ್ತೂ ಏಳಕ್ಕೇ ಬಿಡತೊಡಗಿತು. ಹದಿಮೂರು ನಿಮಿಷ ಹೋದವು. ಮನೆಗಳಲ್ಲಿ ಬೇಗ ಅಡಿಗೆ ಮಾಡಿರೆಂದು ಬಾಳವ್ವ ಕೇಳಿ ನೋಡಿದಳು. ನಳಕ್ಕೆ ನೀರು ಬರುವುದು ಏಳಕ್ಕೆ, ಏಳರ ಮೊದಲು ಹಿಟ್ಟು ನಾದುವುದು ಹೇಗೆ ಎಂದು ಹದಿನೇಳು ಮನೆಯವರೂ ಕೇಳಿದರು. ಅವರಲ್ಲಿ ನಾನೂ ಒಬ್ಬಳು. ರೈಲಿನವರು ಬದಲಾಗುವವರಲ್ಲ, ನಳದವರು ಬದಲಾಗುವವರಲ್ಲ, ರೊಟ್ಟಿಯೂ ಅಲ್ಲ. ಬದಲಾಗಬೇಕಾದದ್ದು ಬಾಳವ್ವನ ಕಾಲು.

“ಹುಟ್ಟಿದಾಗಿಂದ ಓಡಿರಲಿಲ್ರಿ ನಾ,” ಅನ್ನುತ್ತಾಳೆ. “ಸಣ್ಣಾಕಿದ್ದಾಗ ತಂಗಿ ಕಂಕುಳಾಗ ಇದ್ಲು. ಆಮ್ಯಾಲ ತಲಿ ಮ್ಯಾಲ ಕೊಡ ಬಂತು. ಕೊಡ ಇಟ್ಟು ಓಡಾಕ ಯಾರು ಬಿಡ್ತಾರ್ರಿ?”

ಮೊದಲ ದಿನದ ಓಟ ಖಾನಾಪುರದವರಿಗೆ ಇನ್ನೂ ನೆನಪಿದೆ. ಈ ಊರಿನಲ್ಲಿ ಯಾರೂ ಸುಮ್ಮನೆ ಓಡುವುದಿಲ್ಲ. ಹೆಂಗಸು ಓಡುತ್ತಿದ್ದಾಳೆ ಅಂದರೆ ಎಲ್ಲೋ ಬೆಂಕಿ ಬಿದ್ದಿದೆ, ಇಲ್ಲವೇ ಯಾರೋ ಬಾವಿಗೆ ಬಿದ್ದಿದ್ದಾರೆ. ಬಾಳವ್ವ ಪೇಟೆ ದಾಟುವಷ್ಟರಲ್ಲಿ ಹಿಂದೆ ಏಳು ಜನ ಓಡುತ್ತಿದ್ದರು. ಒಬ್ಬನ ಕೈಯಲ್ಲಿ ಬಕೆಟ್ಟು ನೀರು, ಇನ್ನೊಬ್ಬನ ಹೆಗಲ ಮೇಲೆ ಬಾವಿಯ ಹಗ್ಗ. ಟೇಷನ್ನು ಕಾಣುವ ತಿರುವಿನಲ್ಲಿ ಅವಳ ಪಕ್ಕೆ ಹಿಡಿಯಿತು. ಉಸಿರು ಒಳಗೂ ಹೋಗದೆ ಹೊರಗೂ ಬರದೆ ರಸ್ತೆಯ ಬದಿಗೆ ಕೂತಳು. ಎದುರಿಗೇ ಗಾಡಿ ಹೊರಟುಹೋಯಿತು.

“ಎಲ್ಲಿ ಬೆಂಕಿ? ಹೇಳವಾ, ಎಲ್ಲಿ?” ಎಂದು ಏಳು ಜನ ಸುತ್ತ ನಿಂತು ಕೇಳಿದರು.

“ಬೆಂಕಿ ಇಲ್ಲೋ ಯಪ್ಪಾ. ಡಬ್ಬಿ ಒಯ್ಯಾಕ ಹತ್ತಿದ್ದೆ.”

ನೀರು ತಂದವನಿಗೆ ಸಿಟ್ಟು ಬಂತು. ಅಷ್ಟು ದೂರ ಹೊತ್ತ ನೀರನ್ನು ತಿರುಗಿ ಒಯ್ಯುವುದೇಕೆಂದು ಅವಳ ತಲೆಗೇ ಸುರಿದು ಹೋದ. “ಅದೊಂದು ಛಲೋ ಮಾಡಿದಾ,” ಅನ್ನುತ್ತಾಳೆ ಬಾಳವ್ವ.

ಎರಡನೆಯ ದಿನ ಗಾಡಿಯೇ ತಡವಾಗಿ ಬಂದು ಸಿಕ್ಕಿತು. ಆದರೆ ಅದು ಬುಧವಾರ. ಬುಧವಾರ ಗೋವೆಯ ಮೀನು ಲೋಂಡಾ ಮೇಲಿಂದ ಖಾನಾಪುರಕ್ಕೆ ಬರುತ್ತದೆ, ಟಪಾಲು ಕಚೇರಿಯ ಪಾಂಡುರಂಗನ ಡಬ್ಬಿಯಲ್ಲಿ ಮೀನಿನ ಸಾರು ಇರುತ್ತದೆ. ಹನ್ನೊಂದು ವರ್ಷ ಅದು ತನ್ನ ಡಬ್ಬಿಯಲ್ಲಿ ತಾನು ಇತ್ತು. ಆ ದಿನ ಓಟದ ಕುಲುಕಾಟಕ್ಕೆ ಹೊರಗೆ ಬಂದು, ಕೆಳಗಿದ್ದ ಡಬ್ಬಿಯೊಳಗೆ ಇಳಿಯಿತು. ಕೆಳಗಿದ್ದದ್ದು ಕೋರ್ಟಿನ ಹೆಡ್ ಕ್ಲಾರ್ಕ್ ಗುರುಪಾದಪ್ಪನವರದು. ದಿನಾ ಲಿಂಗಪೂಜೆ ಮಾಡಿಯೇ ನೀರು ಮುಟ್ಟುವವರು. ಅವರು ಟೇಬಲ್ಲಿನ ಮೇಲೆ ಡಬ್ಬಿ ತೆಗೆದ ಕೂಡಲೇ ಅಕ್ಕಪಕ್ಕದ ಕ್ಲಾರ್ಕುಗಳೆಲ್ಲ ತಲೆ ಎತ್ತಿ ನೋಡಿದರು.

ಆ ಸಂಜೆ ಇಬ್ಬರೂ ಬಾಳವ್ವನನ್ನು ಟೇಷನ್ನಿನಲ್ಲೇ ಹಿಡಿದರು. ಪಾಂಡುರಂಗನದು ಬೇರೆಯೇ ದುಃಖ. “ಅಗ ಬಾಳವ್ವಾ, ಎರಡೇ ತುಕಡಾ ಉಳದಾವ. ರಸ್ಸಾ ಎಲ್ಲಾ ಖಲಾಸ! ಸಾಹೇಬ್ರು ಉಂಡ್ರೇನು?”

ಗುರುಪಾದಪ್ಪನವರು ನಗಲಿಲ್ಲ. “ನೋಡವಾ, ಡಬ್ಬಿ ಬರದಿದ್ರ ಉಪಾಸ ಇರ್ತೇನಿ. ಉಪಾಸ ನನಗ ರೂಢಿ ಐತಿ. ಆದ್ರ ಇದು? ಒಂದ ತಿಂಗಳಾ ನೋಡ್ತೇನಿ. ಗಾಡಿನೂ ತಪ್ಪಬಾರ್ದು, ಸಾರೂ ತುಳಕಬಾರ್ದು. ಇಲ್ಲಾಂದ್ರ ನಾವು ಕೋರ್ಟಿನ ಎಂಟು ಮಂದಿ ಖಾನಾವಳಿಗೆ ಹೋಗತೇವಿ.”

ಎಂಟು ಡಬ್ಬಿ ಹೋದರೆ ಉಳಿದ ಒಂಬತ್ತರ ಸಲುವಾಗಿ ದಿನಾ ಬೆಳಗಾವಿಗೆ ಹೋಗಿಬರುವುದು ಸಾಗುವ ಮಾತಲ್ಲ. ಒಂದು ತಿಂಗಳಲ್ಲಿ ಅವಳು ಓಡಲು ಕಲಿಯಬೇಕು. ಅದೂ ಸಾರು ತುಳುಕದ ಹಾಗೆ.

ಅವಳಿಗೆ ಕಲಿಸಲು ಮುಂದಾದವರು ನನ್ನ ಗಂಡ. ಅವರೂ ಯಾವತ್ತೂ ಓಡಿದವರಲ್ಲ. ಓಟದ ಬಗ್ಗೆ ಅವರಿಗೆ ತಿಳಿದಿದ್ದದ್ದು ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಬರುತ್ತದೆ ಎಂಬುದಷ್ಟೇ. ನಮ್ಮದು ಅವಳ ಕೊನೆಯ ಮನೆ. ನಮ್ಮ ಬಾಗಿಲಿನಿಂದ ಟೇಷನ್ನಿಗೆ ನಡೆದರೆ ಹದಿನೆಂಟು ನಿಮಿಷ, ಅವಳ ಕೈಯಲ್ಲಿರುವುದು ಹತ್ತು. ಉಳಿದ ಎಂಟು ನಿಮಿಷಗಳನ್ನು ಹುಡುಕುವುದೇ ಲೆಕ್ಕ ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ಅಕ್ಷರ ಬಾರದ ಬಾಳವ್ವ ಗೌರವದಿಂದ ನೋಡಿದಳು.

ಬೆಳಗಿನ ಐದೂವರೆಗೆ ಟೇಷನ್ ರಸ್ತೆಯಲ್ಲಿ ಅಭ್ಯಾಸ. ದೀಪದ ಕಂಬಗಳೇ ಗುರುತು. ಎರಡು ಕಂಬ ನಡಿಗೆ, ಒಂದು ಕಂಬ ಓಟ. ಮೊದಲ ದಿನ ಮಾಸ್ತರರೂ ಜೊತೆಗೆ ಓಡಿದರು. ಎರಡನೆಯ ಓಟದ ಕಂಬದಲ್ಲಿ ಮೈಲಿಗಲ್ಲಿನ ಮೇಲೆ ಕೂತವರು ಮುಂದೆ ತಿಂಗಳ ಪೂರ್ತಿ ಅಲ್ಲಿಂದಲೇ ಕಲಿಸಿದರು.

ಬುಟ್ಟಿಯಲ್ಲಿ ನೀರು ತುಂಬಿದ ಡಬ್ಬಿಗಳು. ಮೊದಮೊದಲು ಬಾಳವ್ವ ಮನೆಗೆ ಬರುವಾಗ ಬೆನ್ನೆಲ್ಲ ತೊಯ್ದಿರುತ್ತಿತ್ತು. ನಾಲ್ಕು ದಿನವಾದ ಮೇಲೆ ಮಾಸ್ತರರಿಗೆ ಸಂಶಯ ಬಂತು. ನೀರು ತುಳುಕುವ ರೀತಿ ಬೇರೆ, ಸಾರು ತುಳುಕುವ ರೀತಿ ಬೇರೆ, ಸಾರಿಗೆ ಬೇಳೆಯ ಭಾರ ಇದೆ. ಕಲಿಯುವುದಾದರೆ ಸಾರಿನ ಮೇಲೇ ಕಲಿಯಬೇಕು. ಅಂದಿನಿಂದ ಹಿಂದಿನ ದಿನದ ಸಾರು ಡಬ್ಬಿಗೆ ಹೋಗತೊಡಗಿತು. ಅದಕ್ಕಾಗಿ ನಾನು ದಿನಾ ಎರಡು ಸೌಟು ಹೆಚ್ಚು ಮಾಡುತ್ತಿದ್ದೆ. ಡಬ್ಬಿಯ ಒಳಗೆ ಮೊಳೆಯಿಂದ ಗೀರಿದ ಗೆರೆ ಇತ್ತು. ಓಟ ಮುಗಿದ ಕೂಡಲೇ ಇಬ್ಬರೂ ತಲೆ ಬಗ್ಗಿಸಿ ಗೆರೆ ನೋಡುತ್ತಿದ್ದರು.

ಶಾಲೆಯ ಆಟದ ಮಾಸ್ತರರನ್ನು ಕೇಳಿ ನನ್ನ ಗಂಡ ಒಂದು ಮಾತು ತಂದರು. “ಮೊಣಕಾಲು ಮ್ಯಾಲೆತ್ತಿ ಓಡಬೇಕಂತ ಬಾಳವ್ವ. ಆಗ ಹೆಜ್ಜಿ ಉದ್ದ ಬೀಳ್ತದ.”

“ಮೊಣಕಾಲು ಎತ್ತಿದ್ರ ಸಾರೂ ಏಳತೈತ್ರಿ ಮಾಸ್ತರ.”

ಮಾಸ್ತರರು ಯೋಚಿಸಿ, ಇದು ಸರಿ ಎಂದು ಒಪ್ಪಿಕೊಂಡರು. ಕೊನೆಗೆ ಬಾಳವ್ವ ತನಗೆ ತಾನೇ ಒಂದು ಓಟ ಕಂಡುಕೊಂಡಳು. ಅದನ್ನು ನೋಡಿಯೇ ತಿಳಿಯಬೇಕು. ಸೀರೆಯ ಕಚ್ಚೆ ಬಿಗಿದು, ಮೊಣಕಾಲು ತುಸು ಬಾಗಿಸಿ, ಪಾದ ನೆಲ ಬಿಡುವುದೋ ಇಲ್ಲವೋ ಎನ್ನುವಂತೆ ಜಾರಿಕೊಂಡು ಹೋಗುತ್ತಾಳೆ. ಸೊಂಟದ ಕೆಳಗೆ ಎಲ್ಲ ಓಡುತ್ತದೆ, ಮೇಲೆ ಏನೂ ಅಲುಗುವುದಿಲ್ಲ. ಪಕ್ಕೆ ಹಿಡಿಯುವುದಕ್ಕೂ ಅವಳೇ ಔಷಧ ಕಂಡುಹಿಡಿದಳು. ಓಡುವಾಗ ಮನಸ್ಸಿನಲ್ಲೇ ಡಬ್ಬಿಯ ಮನೆಗಳನ್ನು ಎಣಿಸುವುದು. ನಾಲ್ಕು ಮನೆಗೆ ಉಸಿರು ಒಳಗೆ, ನಾಲ್ಕು ಮನೆಗೆ ಹೊರಗೆ.

ಭೀಮಕ್ಕ ಕಟ್ಟೆಯ ಮೇಲೆ ಕೂತು ಕೇಳುವವರಿಗೆಲ್ಲ ಹೇಳುತ್ತಿದ್ದಳು: “ಲಗ್ನಾಗಿ ಬಂದಾಗ ನಡಕೋತ ಬಂದಾಕಿ. ಈಗ ಓಡಾಕ ಹತ್ಯಾಳ. ಇನ್ನ ನಾಕು ವರ್ಷ ತಡೀರಿ, ಹಾರತಾಳ.”

ಮೂರು ವಾರ ಆದಾಗ ಹನ್ನೆರಡು ನಿಮಿಷಕ್ಕೆ ಬಂದು ನಿಂತಿತು. ಮುಂದೆ ಇಳಿಯಲಿಲ್ಲ. ಗಾಡಿ ದಿನಾ ತುಸು ತಡವಾಗುತ್ತಿದ್ದದ್ದರಿಂದ ಸಿಗುತ್ತಿತ್ತು, ಆ ವಾರ ಹೊತ್ತಿಗೆ ಸರಿಯಾಗಿ ಬಂದ ದಿನ ಮತ್ತೆ ತಪ್ಪಿತು. ಪೇಟೆಯಲ್ಲಿ ಹಾದಿಯೇ ಇರಲಿಲ್ಲ. ಬಾಳೆಹಣ್ಣಿನ ಭರಮಪ್ಪನ ಕಟ್ಟೆ ಮೂರಡಿ ರಸ್ತೆಗೆ ಬಂದಿತ್ತು. ಅವನ ಎದುರಿನ ದರ್ಜಿ ಗಿರಾಕಿಗಳನ್ನು ಕೂರಿಸುವ ಬಾಕು ನಾಲ್ಕಡಿ. ನಡುವೆ ಒಂದು ಎಮ್ಮೆಯ ಗೂಟ.

ಎಲ್ಲೆಲ್ಲಿ ಎಷ್ಟು ಹೊತ್ತು ಹೋಗುತ್ತದೆಂದು ತಿಳಿಯಲು ಮಾಸ್ತರರು ರಸ್ತೆ ಅಳೆಯಬೇಕೆಂದರು. ಲೋಕೋಪಯೋಗಿ ಇಲಾಖೆಯ ಓವರಸಿಯರ್ ಈರಯ್ಯನವರಿಂದ ಮೂವತ್ತು ಮೀಟರಿನ ಟೇಪು ಕೇಳಿ ತಂದರು. ಒಂದು ರಜೆಯ ದಿನ ಏಳು ಗಂಟೆಗೆ ನಮ್ಮ ಬಾಗಿಲಿನಿಂದ ಶುರುಮಾಡಿ ಮೂವತ್ತೇಳು ಸಲ ಟೇಪು ಹಾಸಿದರು. ಮೂವತ್ತೇಳು ಸಲ, ಮೇಲೆ ಇಪ್ಪತ್ತು ಮೀಟರು. ಟೇಪಿನ ಚರ್ಮದ ಚೀಲದ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರಿತ್ತು.

ಅದನ್ನು ಮೊದಲು ಓದಿದವನು ಭರಮಪ್ಪ. “ಮಾಸ್ತರ, ನಂದು ಎಷ್ಟು ಹೋಗತೈತ್ರಿ?”

“ನಿಂದೇನು ಹೋಗೂದಿಲ್ಲೋ. ಬಾಳವ್ವಗ ಓಡ್ಲಿಕ್ಕೆ ಎಷ್ಟು ದೂರ ಅದ ಅಂತ ಅಳೀಲಿಕ್ಕೆ ಹತ್ತೇನಿ.”

ಭರಮಪ್ಪ ಟೇಪನ್ನೂ ಅವರ ಮುಖವನ್ನೂ ನೋಡಿದ. “ಬಾಳವ್ವ ಓಡಲಿ ಅಂತ ಸರಕಾರ ರಸ್ತೆ ಅಳಸ್ತೈತಿ. ಹೌದ್ರಿ, ಖರೇ ಐತಿ,” ಎಂದು ಒಳಗೆ ಹೋದ.

ಮಾಸ್ತರರು ಸುಳ್ಳು ಹೇಳುವವರಲ್ಲ ಎಂದು ಊರಿಗೆಲ್ಲ ಗೊತ್ತು. ಅಂಥವರೇ ಇಂಥ ಸುಳ್ಳು ಹೇಳುತ್ತಿದ್ದಾರೆಂದರೆ ರಸ್ತೆ ಅಗಲ ಮಾಡುವ ಹುಕುಂ ಬಂದಿರುವುದು ಖಂಡಿತ ಎಂದು ಮಧ್ಯಾಹ್ನದೊಳಗೆ ತೀರ್ಮಾನವಾಯಿತು. ಸಂಜೆ ನಾಲ್ಕು ಮಂದಿ ಹಿರಿಯರು ನಮ್ಮ ಮನೆಗೆ ಬಂದರು. ಮಾಸ್ತರರು ಹಲಗೆ ತಂದು ಎಂಟು ನಿಮಿಷದ ಲೆಕ್ಕ ಮತ್ತೆ ಬಿಡಿಸಿದರು. ಹಿರಿಯರು ಚಹಾ ಕುಡಿದು, ಏನನ್ನೂ ನಂಬದೆ ಎದ್ದು ಹೋದರು. ಸರಕಾರದವರು ಬಂದು ಕೆಡವಿದರೆ ಮನೆಯ ಗೋಡೆಯೂ ಹೋಗುತ್ತದೆ, ನಾವೇ ತೆಗೆದರೆ ಕಟ್ಟೆಯಷ್ಟೇ ಹೋಗುತ್ತದೆ. ಎರಡು ದಿನದಲ್ಲಿ ಭರಮಪ್ಪ ತನ್ನ ಕಟ್ಟೆಯ ಕಲ್ಲು ತಾನೇ ಕಿತ್ತ. ದರ್ಜಿಯ ಬಾಕು ಒಳಗೆ ಹೋಯಿತು. ಎಮ್ಮೆ ಹಿತ್ತಲಿಗೆ ಹೋಯಿತು. ಮೂರನೆಯ ದಿನ ಬಾಳವ್ವ ಪೇಟೆಯ ನಡುವೆ ನೇರ ಗೆರೆ ಎಳೆದಂತೆ ಓಡಿ, ಒಂಬತ್ತೂವರೆ ನಿಮಿಷಕ್ಕೆ ಟೇಷನ್ನು ಮುಟ್ಟಿದಳು.

ತಿಂಗಳು ಮುಗಿದ ದಿನ ಗುರುಪಾದಪ್ಪನವರು ಡಬ್ಬಿ ತೆಗೆದು ಮೂಸಿದರು, ಸಾರು ಅಲುಗಿಸಿ ನೋಡಿದರು. ಆಮೇಲೆ, “ಸಾರು ಭಾಳ ಬಿಸಿ ಬರಾಕ ಹತ್ತೈತಿ. ಬಾಯಿ ಸುಡತೈತಿ,” ಎಂದರು. ಬಾಳವ್ವ ಇದನ್ನು ಈಗಲೂ ಎಲ್ಲರಿಗೂ ಹೇಳುತ್ತಾಳೆ. ಮುಂಜಾಗ್ರತೆಗೆ ಪಾಂಡುರಂಗನ ಡಬ್ಬಿ ಬುಧವಾರ ಬುಟ್ಟಿಯಲ್ಲಿ ಇರುವುದಿಲ್ಲ. ಬೇರೆ ಚೀಲದಲ್ಲಿ, ಎಡಗೈಯಲ್ಲಿ ಹೋಗುತ್ತದೆ.

ಟೇಪು ಮಾತ್ರ ನಮ್ಮಲ್ಲೇ ಉಳಿಯಿತು. ಒಂದೆರಡು ತಿಂಗಳಿಗೆ ಪೇಟೆಯ ಸಾಮಾನುಗಳು ಒಂದೊಂದೇ ಅಂಗುಲ ಮತ್ತೆ ಹೊರಗೆ ಬರುತ್ತಿದ್ದವು. ಆಗ ನನ್ನ ಗಂಡ ಸಂಜೆ ಟೇಪು ಹಿಡಿದು ಭರಮಪ್ಪನ ಅಂಗಡಿಯ ತನಕ ಹೋಗಿ, ಏನೂ ಅಳೆಯದೆ, ಅರ್ಧ ಡಜನ್ ಬಾಳೆಹಣ್ಣು ತೆಗೆದುಕೊಂಡು ಬರುತ್ತಿದ್ದರು. ಮರುದಿನ ಹಾದಿ ಸರಿಯಾಗಿರುತ್ತಿತ್ತು. ಮಾಸ್ತರರಿಗೆ ಇದು ಸುಳ್ಳೋ ಅಲ್ಲವೋ ಎಂಬ ಚಿಂತೆ ಇತ್ತು. ನನ್ನನ್ನು ಕೇಳಿದ್ದರು. ಬಾಳೆಹಣ್ಣು ಬೇಕಾಗಿತ್ತಲ್ಲ ಎಂದಿದ್ದೆ.

ಈ ವರ್ಷ ಶ್ರಾವಣದಲ್ಲಿ ಜ್ವರ ಬಂದು ನಾಲ್ಕು ದಿನಕ್ಕೆ ಹೋದರು.

ಈಗ ಪೇಟೆಯಲ್ಲಿ ಬುಟ್ಟಿ, ಬಾಕು, ಎಮ್ಮೆ ಎಲ್ಲ ಮತ್ತೆ ರಸ್ತೆಗೆ ಬಂದಿವೆ. ಮೊನ್ನೆ ಸಂಜೆ ಚಹಾ ಕುಡಿಯುವಾಗ ಬಾಳವ್ವನಿಗೆ ಹೇಳಿದೆ. “ಈರಯ್ಯನವರ ಟೇಪು ಕೊಟ್ಟು ಬರಬೇಕು. ಬೇಕಿದ್ರ ಕೊಡೂಕಿಂತ ಮೊದಲ ಒಂದು ಸಲ ಪೇಟಿಯೊಳಗ ಎಲ್ಲಾರಿಗೂ ಕಾಣೂಹಂಗ ಹಿಡಕೊಂಡು ಹೋಗ್ಲೇನು?”

ಅವಳು ಚಹಾದ ಬಸಿ ಕೆಳಗಿಟ್ಟಳು. “ಬ್ಯಾಡ್ರಿ ಬಾಯಾರ. ಸೆರಗಿನಾಗ ಮುಚ್ಚಿಕೊಂಡು ಹೋಗ್ರಿ. ಆಗ ನನಗ ಓಡಾಕ ಬರ್ತಿರಲಿಲ್ಲ, ಮಾಸ್ತರು ಹಾದಿ ಸರಿಸಿದ್ರು. ಇನ್ನೂ ಎಷ್ಟು ದಿನ ಮಂದಿನ್ನ ಅಂಜಸ್ತೀರಿ? ಭರಮಪ್ಪಂದು ನಾಕು ಬಾಳಿಹಣ್ಣು ಹೊರಗಿದ್ರ ಇರವಲ್ದ್ಯಾಕ. ದಾಟಿ ಹೊಕ್ಕೇನಿ.”

ಮರುದಿನ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಟೇಪು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಪೇಟೆಯ ನಡುವೆ ಇರುವಾಗ ಹಿಂದೆ ದಪದಪ ಸದ್ದು ಬಂತು. “ಬಾಜೂ ರೀ ಬಾಯಾರ!” ನಾನು ಗೋಡೆಗೆ ಒತ್ತಿ ನಿಂತೆ. ಬಾಳವ್ವ ದರ್ಜಿಯ ಬಾಕನ್ನು ಎಡಕ್ಕೆ ಬಿಟ್ಟು, ಎಮ್ಮೆಯ ಬಾಲದ ಹಿಂದೆ ಮೊಣಕಾಲು ಬಗ್ಗಿಸಿ, ಭರಮಪ್ಪನ ಎರಡು ಬುಟ್ಟಿಗಳನ್ನು ಒಂದೇ ಹೆಜ್ಜೆಗೆ ದಾಟಿದಳು. ತಲೆಯ ಮೇಲಿನ ಹದಿನಾರು ಡಬ್ಬಿಗಳು ದೇವರ ಗೂಡಿನಲ್ಲಿ ಇಟ್ಟ ಹಾಗೆ ಇದ್ದವು. ಭರಮಪ್ಪ ಬಾಳೆಹಣ್ಣಿನ ಮೇಲೆ ಕೈ ಅಡ್ಡ ಹಿಡಿದು, “ಅಯ್ಯ, ನಿನ್ನ!” ಎಂದ. ಅಷ್ಟರಲ್ಲಿ ಅವಳು ಇರಲಿಲ್ಲ.

ಈರಯ್ಯನವರ ಕಚೇರಿಯ ಕಿಟಕಿಗೆ ಟೇಷನ್ನು ಕಾಣುತ್ತದೆ. ನಾನು ಹೋದಾಗ ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಬಾಳವ್ವ ಕೂತಿದ್ದಳು, ಪಕ್ಕದಲ್ಲಿ ಬುಟ್ಟಿ. ಗಾಡಿ ಇನ್ನೂ ಬಂದಿರಲಿಲ್ಲ.

ಟೇಪು ಟೇಬಲ್ಲಿನ ಮೇಲೆ ಇಟ್ಟೆ. ಈರಯ್ಯನವರು ಎದ್ದು ನಿಂತರು. ಎರಡು ವರ್ಷ ಅವರು ಗಂಟು ಹಾಕಿದ ಹಗ್ಗ ಹಿಡಿದು ತಾಲೂಕಿನ ರಸ್ತೆ ಅಳೆದಿದ್ದಾರೆ. “ಮಾಸ್ತರಿಗೆ ಹ್ಯಾಂಗ ಕೇಳೂದ್ರಿ, ನನ್ನ ಮಗನ್ನ ಗಣಿತದಾಗ ಪಾಸ್ ಮಾಡಿಸ್ಯಾರ,” ಎಂದರು. ಆಮೇಲೆ ಕೈಗೆ ಕೆಲಸ ಬೇಕೆಂಬಂತೆ ಟೇಪಿನ ತುದಿ ಹಿಡಿದು ಎಳೆದರು. ಮೊದಲ ಗೇಣಿನ ಮೇಲೆ ದುಂಡಗೆ ಹಳದಿ ಕಲೆ ಇತ್ತು. ಮೂಗಿನ ಹತ್ತಿರ ಒಯ್ದರು.

“ಇದೇನ್ರಿ?”

“ಸಾರು. ಅಳೆಯುವಾಗ ಗಾಳಿಗೆ ಹಾರಬಾರದಂತ ತುದೀ ಮ್ಯಾಲ ಡಬ್ಬಿ ಇಟ್ಟಿದ್ರು.”

ಈರಯ್ಯನವರು ಟೇಪನ್ನು ಸ್ವಲ್ಪ ದೂರ ಹಿಡಿದರು. “ಯಾರ ಮನೀದ್ರಿ? ಮೀನಿಂದಲ್ಲಲ್ಲ?”

“ಅಲ್ಲ. ನಮ್ಮ ಮನೀದು,” ಎಂದೆ.